ಮೃಗದ ಮುಖ

ಹೆಣ್ಣಾಗಿ ಬದುಕಬೇಕೆಂದು ಮನೆ ಬಿಟ್ಟು ಬಂದ ಹನ್ನೊಂದು ವರ್ಷಕ್ಕೆ ವನಮಾಲಳಿಗೆ ಸಿನಿಮಾದಲ್ಲಿ ಮೊದಲ ಪಾತ್ರ ಸಿಕ್ಕಿತ್ತು. ಮನುಷ್ಯನ ಚರ್ಮ ಸೀಳಿಕೊಂಡು ಮೃಗವೊಂದು ಹೊರಬರುವ ಕಥೆ.

"ಮೈ ಬದಲಾಗೋ ಸಂಕಟ ನಿಮಗಿಂತ ಚೆನ್ನಾಗಿ ಯಾರಿಗ್ ಗೊತ್ತಮ್ಮಾ?" ಎಂದು ನಿರ್ದೇಶಕರೇ ಕರೆದು ಕೊಟ್ಟ ಪಾತ್ರ. ಅದಕ್ಕಿಂತ ಹೆಚ್ಚೇನೂ ಅವರು ಹೇಳಿರಲಿಲ್ಲ.

ಶೂಟಿಂಗಿನ ಮೊದಲ ದಿನ ಬೆಳಗ್ಗೆ ಮೇಕಪ್ಪಿನ ದಸ್ತಗೀರಣ್ಣ ಅವಳ ಮುಖಕ್ಕೆ ಅಂಟು ಬಳಿದು ಏನನ್ನೋ ಒತ್ತುತ್ತಿದ್ದ.

"ಕಣ್ಣು ಬಿಡಬೇಡ ಕಣಮ್ಮ, ಇನ್ನೂ ಒಣಗಿಲ್ಲ."

"ಏನೋ ಚುಚ್ತಾ ಇದೆ ಅಣ್ಣ. ಯಾಕೋ ಭಯ ಆಗ್ತಿದೆ."

"ಮುಗೀತು. ಈಗ ನೋಡ್ಕೋ."

ವನಮಾಲ ಕನ್ನಡಿ ನೋಡಿದಳು. ಅಲ್ಲಿದ್ದ ಮುಖದ ಗುರುತು ಹತ್ತಿದ್ದೇ ತಡ, ಚೀರುತ್ತ ಕುರ್ಚಿಸಮೇತ ಹಿಂದಕ್ಕೆ ಬಿದ್ದಳು. ಎರಡೂ ಕೈಯಿಂದ ಕೆನ್ನೆ ಪರಚಿಕೊಳ್ಳತೊಡಗಿದಳು.

ಬಾಗಿಲಾಚೆಯಿಂದ ನಿರ್ದೇಶಕರ ದನಿ ಹಿಗ್ಗಿನಿಂದ ಕೇಳಿಸಿತು. "ಆಹಾ, ಇದೇ ಚೀರಾಟ ಬೇಕಿತ್ತು ನನಗೆ! ಮೃಗದ ಮುಖ ಅಷ್ಟು ಚೆನ್ನಾಗಿ ಬಂತೇನಯ್ಯಾ?"

ದಸ್ತಗೀರಣ್ಣ ಅವಳ ಕೈಗಳನ್ನು ಹಿಡಿದುಕೊಂಡು ಕೂಗಿ ಹೇಳಿದ: "ಮೃಗದ್ದು ಮಧ್ಯಾಹ್ನಕ್ಕೆ ಸಾರ್! ಈಗ ಮೊದಲನೇ ಸೀನಿನ ಹುಡುಗನ ಗಡ್ಡ ಮೀಸೆ ಅಂಟಿಸಿದ್ದೆ, ಅಷ್ಟೇ."