ಕೈ ನಿಧಾನ ಮಾಡದ ಕಸ್ತೂರಿ

ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಅಂದು ಐತಿಹಾಸಿಕ ನಿರ್ಣಯವೊಂದು ಆಯಿತು...

ಗಿರಾಕಿಗಳು ಇನ್ನು ಮುಂದೆ ತಮ್ಮ ಕೈಗಳನ್ನು ನಿಧಾನವಾಗಿ ಆಡಿಸತಕ್ಕದ್ದು!

ನಿರ್ಣಯ ಪ್ರಿಂಟ್ ಆಯಿತು, ಲ್ಯಾಮಿನೇಟ್ ಆಯಿತು, ಗೋಡೆಗೂ ಏರಿತು. ಎಲ್ಲರ ವಾಟ್ಸಾಪಿಗೂ ಹೋಯಿತು.

ನಗಬೇಡಿ... ಆ ಕಂಪನಿಯ ಕೆಲಸವೇ ಕೈಗಳದ್ದು.

ಕಿವಿ ಕೇಳದವರು ಡಾಕ್ಟರ ಹತ್ತಿರ ಹೋದಾಗ ಈ ಕಂಪನಿಗೆ ವಿಡಿಯೋ ಕಾಲ್ ಮಾಡುತ್ತಾರೆ. ಅವರು ಸನ್ನೆ ಭಾಷೆಯಲ್ಲಿ ಹೇಳಿದ್ದನ್ನು ಇಲ್ಲಿ ಕುಳಿತ ಮಾರ್ಥಾ ನೋಡಿ ಡಾಕ್ಟರಿಗೆ ಬಾಯಲ್ಲಿ ಹೇಳುತ್ತಾಳೆ. ಡಾಕ್ಟರ ಮಾತನ್ನು ಸನ್ನೆಯಲ್ಲಿ ತಿರುಗಿ ಹೇಳುತ್ತಾಳೆ.

ನಮ್ಮ ಫೋನಿನಲ್ಲಿ ದನಿ ಕಟ್ ಆದರೆ "ಹಲೋ ಹಲೋ" ಅಂದರಾಯಿತು. ಇಲ್ಲಿ ಕೈ ಸರಸರ ಆಡಿದರೆ ಚಿತ್ರ ನಿಂತುಬಿಡುತ್ತಿತ್ತು. ಚಿತ್ರ ಒಂದು ಕ್ಷಣ ನಿಂತರೆ... ಮಾತೇ ಹೋಯಿತು.

ಹಾಗೆ ಹೋದದ್ದು ಕಸ್ತೂರಿಯ ಮಾತು.

ಕಸ್ತೂರಿ ಗದಗಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುವವಳು. ಹುಟ್ಟಿನಿಂದ ಕಿವಿ ಕೇಳದು. ಡಾಕ್ಟರ್ ಗರ್ಭಕೋಶ ತೆಗೆಯಬೇಕು ಅಂದಿದ್ದರು. ಬೇರೆ ದಾರಿ ಇದೆಯಾ ಎಂದು ಕೇಳಲು ಅವಳು ಕೈ ಎತ್ತಿದ್ದೇ ತಡ, ಪರದೆಯ ಮೇಲೆ ಆ ಕೈ ಕಲ್ಲಾಯಿತು.

ಪಕ್ಕದಲ್ಲಿದ್ದ ನಾದಿನಿ ಕುರ್ಚಿ ಮುಂದೆಳೆದುಕೊಂಡಳು. "ಅಕಿಗೆ ತಿಳಿಯೂದಿಲ್ರಿ ಡಾಕ್ಟರ. ತಾರೀಖು ಕೊಡ್ರಿ, ಮಾಡಿಸಿಬಿಡೂಣು."

ಆಪರೇಷನ್‌ಗೆ ತಾರೀಖು ಸಿಕ್ಕಿಯೇಬಿಟ್ಟಿತು. ಅದಕ್ಕೂ ಮುಂಚೆ, ಗುರುವಾರ, ಡಾಕ್ಟರ ಜೊತೆ ಒಂದೇ ಒಂದು ಭೇಟಿ ಉಳಿದಿತ್ತು...

ಕಂಪನಿಯ ನೋಟಿಸಿಗೆ ಕಸ್ತೂರಿಯ ಉತ್ತರ ಬಂತು.

"ಸಣ್ಣಾಕಿ ಇದ್ದಾಗಿಂದ ಎಲ್ಲಾರೂ ನನಗ ಮಂದಬುದ್ಧಿ ಅಂದ್ರು. ನನ್ನ ಭಾಷಾದಾಗ ನಾ ಎಂದೂ ನಿಧಾನ ಇರಲಿಲ್ಲ. ಕೈ ನಿಧಾನ ಮಾಡೂದಿಲ್ಲ. ನಿಮ್ಮ ಮಷೀನಿಗೆ ಜೋರು ಓಡಾಕ ಹೇಳ್ರಿ."

ಮ್ಯಾನೇಜರ್ ಇನಾಮದಾರರು ಓದಿ, "ಸೊಕ್ಕು ನೋಡ್ರಿ!" ಅಂದರು.

ಸರ್ವರ್ ನೋಡಿಕೊಳ್ಳುವ ನೀಲಾಂಬಿಕಾ ಓದಿ, "ಖರೇನ ಹೇಳ್ಯಾಳಲ್ರಿ ಸರ" ಅಂದಳು.

ವಿಡಿಯೋ ಕಾಲ್‌ಗಳನ್ನೆಲ್ಲ ದಾಟಿಸುವ ಕಂಪನಿಯ ಸರ್ವರ್ ಇರುವುದು ಕ್ಲೌಡಿನಲ್ಲಿ. ಅಂದರೆ ಎಲ್ಲೋ ದೂರದಲ್ಲಿ, ಇವರ್ಯಾರೂ ಕಣ್ಣಾರೆ ಕಾಣದ ಕಟ್ಟಡದಲ್ಲಿ. ಹಿಂದಿನ ತಿಂಗಳಷ್ಟೇ ದೊಡ್ಡ ಸರ್ವರ್ ತೆಗೆದುಕೊಂಡು ಪೂಜೆಯನ್ನೂ ಮಾಡಿದ್ದರು. ಸರ್ವರ್ ಕೈಗೆ ಸಿಗದ ಕಾರಣ ಕುಂಕುಮವನ್ನು ಮಾನಿಟರಿಗೆ ಹಚ್ಚಿದ್ದರು.

ಕುಂಕುಮ ಹಚ್ಚಿದರು... ಡ್ರೈವರ್ ಹಾಕಿರಲಿಲ್ಲ.

ಹೊಸ ಸರ್ವರಿಗೆ ಭಾರಿ ವೇಗದ ನೆಟ್‌ವರ್ಕ್ ಅಡಾಪ್ಟರ್, ಅಂದರೆ ಚಿತ್ರಗಳು ಹೋಗಿಬರುವ ಬಾಗಿಲು, ಇತ್ತು. ಅದನ್ನು ದುಡಿಸುವ ಪುಟ್ಟ ಪ್ರೋಗ್ರಾಮಿಗೇ ಡ್ರೈವರ್ ಅನ್ನುವುದು. ಅದಿಲ್ಲದೆ ಸರ್ವರ್ ಹಳೆಯ ಅಡಾಪ್ಟರಿನಲ್ಲೇ ತೆವಳುತ್ತಿತ್ತು.

"ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡ್ತೀನ್ರಿ."

"ಮುಟ್ಟಬ್ಯಾಡ್ರಿ! ನಡದೈತಲ್ಲ, ನಡೀಲಿ. ಬಂದ್ ಬಿದ್ರ ಅಲ್ಲಿ ಹೋಗಿ ಗುಂಡಿ ಒತ್ತಾಕ ನಿಮ್ಮ ಕಾಕಾ ಅದಾನೇನು?"

"ನಡದಿಲ್ರಿ ಸರ, ತೆವಳಾಕತ್ತೈತಿ. ಅದಕ್ಕ ಅಕಿಗೂ ತೆವಳು ಅನ್ನಾಕತ್ತೀವಿ."

"ಬಂದ್ ಬಿದ್ರ ಹೊಣಿ ಯಾರದು?"

"ನಂದ್ರಿ. ಬರದು ಕೊಡ್ಲೇನು?"

ಬುಧವಾರ ಊಟದ ಹೊತ್ತು. ಯಾವ ವಿಡಿಯೋ ಕಾಲ್ ಕೂಡ ಇರಲಿಲ್ಲ. ನೀಲಾಂಬಿಕಾ ಕುಳಿತಳು.

ಈ ಕೆಲಸದವರಲ್ಲಿ ಒಂದು ರೂಢಿಯಿದೆ... ಹೊರಡುವ ಮೊದಲೇ ವಾಪಸ್ ಬರುವ ದಾರಿ ಬರೆದಿಡುವುದು. "ಹತ್ತು ನಿಮಿಷದಲ್ಲಿ ನಾನು ಮತ್ತೆ ಲಾಗಿನ್ ಆಗದಿದ್ದರೆ ಎಲ್ಲ ಮೊದಲಿನಂತೆ ಮಾಡಿಕೋ" ಎಂದು ಅವಳು ಸರ್ವರಿಗೆ ಹೇಳಿಟ್ಟಳು. ಡ್ರೈವರ್ ಹಾಕಿದಳು. ರೀಸ್ಟಾರ್ಟ್ ಒತ್ತಿದಳು.

ಸರ್ವರ್ ಉಸಿರೆತ್ತಲಿಲ್ಲ.

ಇನಾಮದಾರರ ಬಾಯಿಯವರೆಗೆ ಬಂದ ರೊಟ್ಟಿ ಡಬ್ಬಿಗೆ ವಾಪಸಾಯಿತು. "ಹೋತು... ಎಲ್ಲಾ ಹೋತು!"

"ತಡೀರಿ ಸರ."

ಹತ್ತು ನಿಮಿಷ ಕಳೆಯಿತು... ಸರ್ವರ್ ತಾನಾಗೇ ಹಳೆಯ ಅಡಾಪ್ಟರಿನೊಂದಿಗೆ ಎದ್ದು ಬಂತು.

"ದೇವರು ದೊಡ್ಡಾವ! ಇನ್ನ ಸಾಕವ್ವಾ, ಕೈ ಮುಗೀತೀನಿ."

ನೀಲಾಂಬಿಕಾ ಆಗಲೇ ತಪ್ಪು ಹುಡುಕುತ್ತಿದ್ದಳು. ಹೊಸ ಅಡಾಪ್ಟರಿನ ಹೆಸರೇ ಬೇರೆ. ಸೆಟ್ಟಿಂಗ್ಸ್ ಫೈಲಿನಲ್ಲಿ ಹಳೆಯ ಹೆಸರು ಹಾಗೇ ಇತ್ತು. ಸರ್ವರ್ ಇಲ್ಲದವನ ಹೆಸರು ಕೂಗುತ್ತಾ ಕುಳಿತಿತ್ತು, ಇದ್ದವನು ಸುಮ್ಮನೆ ನಿಂತಿದ್ದ.

ಹೆಸರು ತಿದ್ದಿದಳು. ವಾಪಸ್ ಬರುವ ದಾರಿಯನ್ನು ಮತ್ತೆ ಬರೆದಿಟ್ಟಳು.

"ಮತ್ತ ಒತ್ತಾಕಿ ಏನು?!"

"ಮತ್ತ ಒತ್ತಾಕಿ."

ಒತ್ತಿದಳು... ಈ ಸಲ ಸರ್ವರ್ ಕರೆದ ಕೂಡಲೇ ಓಗೊಟ್ಟಿತು. ಮಾರ್ಥಾ ಟೆಸ್ಟ್ ಕಾಲ್‌ನಲ್ಲಿ ಬೇಕಂತಲೇ ಸರಸರ ಕೈ ಆಡಿಸಿ ನೋಡಿದಳು. ಒಂದು ಬೆರಳೂ ತಪ್ಪಲಿಲ್ಲ.

ಗುರುವಾರ, ಗದಗ. ಡಾಕ್ಟರ ಮೇಜಿನ ಮೇಲೆ ಕಸ್ತೂರಿಯ ಫೋನು, ಫೋನಿನಲ್ಲಿ ಮಾರ್ಥಾ.

ನಾದಿನಿ ಎಂದಿನಂತೆ ಶುರುಮಾಡಿದಳು. "ಅಕಿಗೆ ತಿಳಿಯೂದಿಲ್ರಿ ಡಾಕ್ಟರ..."

ಕಸ್ತೂರಿಯ ಕೈ ಮಿಂಚಿತು. ಮರುಕ್ಷಣವೇ ಫೋನಿನಿಂದ ದನಿ ಬಂತು.

"ಅಕ್ಕಾರ, ಸುಮ್ಕಿರ್ರಿ. ಇದು ನನ್ನ ಹೊಟ್ಟಿ. ನಾ ಮಾತಾಡಾಕತ್ತೀನಿ."

ಸನ್ನೆ ಭಾಷೆಯ ದುಭಾಷಿಗಳು "ಅವಳು ಹೀಗಂದಳು" ಅನ್ನುವುದಿಲ್ಲ. "ನಾನು" ಅಂತಲೇ ಹೇಳುತ್ತಾರೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ, ಕಸ್ತೂರಿ "ನಾನು" ಅಂದದ್ದನ್ನು ನಾದಿನಿ ಕೇಳಿದ್ದು ಅಂದೇ ಮೊದಲು...

ಡಾಕ್ಟರ್ ತಮ್ಮ ಕುರ್ಚಿಯನ್ನು ಕಸ್ತೂರಿಯ ಕಡೆ ತಿರುಗಿಸಿದರು.

"ಗರ್ಭಕೋಶ ತಗೀದ ಗುಣ ಆಗೂ ದಾರಿ ಐತೇನ್ರಿ?"

"ಐತಮ್ಮಾ. ಮೊದಲ ಗುಳಿಗಿ ಕೊಟ್ಟು ನೋಡಬಹುದು. ಹೋದ ಸಲ ಯಾರೂ ಕೇಳಲಿಲ್ಲಲ್ಲ?"

"ನಾ ಕೇಳಿದ್ನಿ. ನನ್ನ ಕೈ ನಡುವ ನಿಂತಿತ್ತು."

ಡಾಕ್ಟರ್ ಪೆನ್ ಎತ್ತಿಕೊಂಡರು. ಆಪರೇಷನ್ ತಾರೀಖಿನ ಮೇಲೆ ಗೆರೆ ಎಳೆದರು.

ನಾದಿನಿಯ ಕಣ್ಣು ತುಂಬಿತ್ತು. ಫೋನಿನ ಕಡೆ ಬಗ್ಗಿದಳು. "ಮೇಡಂ... ಅಕಿನ್ನ ಕೇಳ್ರಿ. ಇಷ್ಟು ವರ್ಷ ನನಗ ಏನೇನ್ ಹೇಳಬೇಕಂತಿದ್ಲು?"

ಕಸ್ತೂರಿ ನಕ್ಕಳು. ಕೈ ಆಡಿಸಿದಳು, ಅದೇ ವೇಗದಲ್ಲಿ.

"ಭಾಳ ಅದಾವ್ರಿ ಅಕ್ಕಾರ. ಮನಿಗೆ ಹೋಗಿ ಹೇಳ್ತೀನಿ. ಮೊದಲ ನನ್ನ ಚಹಾಕ್ಕ ಸಕ್ರಿ ಕಡಿಮಿ ಹಾಕ್ರಿ."

ದಾರಿ ಇಕ್ಕಟ್ಟಾದರೆ ದಾರಿಯನ್ನು ಅಗಲ ಮಾಡಿ... ನಡೆಯುವವರ ಕಾಲು ಕಟ್ಟಬೇಡಿ.

ನಿಮ್ಮ ಮನೆಯಲ್ಲಿ, ನಿಮ್ಮ ಆಫೀಸಿನಲ್ಲಿ... ಯಾರ ಮಾತನ್ನು ನೀವೇ ಆಡಿ ಮುಗಿಸುತ್ತಿದ್ದೀರಿ?

ಕಸ್ತೂರಿಗೆ ಆಪರೇಷನ್ ಬೇಕಾಗಲಿಲ್ಲ. ನೋಟಿಸು ಗೋಡೆಯಿಂದ ಇಳಿದಿದೆ. ಲ್ಯಾಮಿನೇಷನ್ ಗಟ್ಟಿಯಿದೆ ಎಂದು ಇನಾಮದಾರರು ಅದರ ಮೇಲೆ ಚಹಾದ ಲೋಟ ಇಡುತ್ತಾರೆ.