ಮುದಿ ಕುರುಬನ ಬಾಯಿಂದ ಕೇಳಿದ ಹಾಡು

ಹೆಬ್ಬೆಟ್ಟಿಗೆ ಮಸಿ ಹತ್ತಿದ್ದರೂ ಗಂಗುಬಾಯಿ ಕಾಗದ ಮುಟ್ಟಲಿಲ್ಲ.

"ಒತ್ತಬೇ ಅವ್ವಾ," ಎಂದ ಮಗ ಹಣಮಂತಪ್ಪ. ಅದು ಮೂರನೆಯ ಸಲ.

ಅಕ್ಕಲಕೋಟದ ತಮ್ಮ ಕಚೇರಿಯಲ್ಲಿ ವಕೀಲ ಕೈಲಾಸ ಅಫಿಡವಿಟ್ಟನ್ನು ಮುದುಕಿಯ ಕಡೆಗೆ ಇನ್ನಷ್ಟು ಸರಿಸಿದರು. ಅದು ಮರಾಠಿಯಲ್ಲಿತ್ತು. ಮೊಮ್ಮಗಳು ಮನೀಷಾ ಅದನ್ನು ಕನ್ನಡದಲ್ಲಿ ಹೇಳಿದಳು. "ಈ ಹಾಡು ನನಗ ನಮ್ಮ ಅತ್ತಿ ಕಲಿಸ್ಯಾಳ. ಆಕೀಗಿ ಆಕಿ ಅತ್ತಿ ಕಲಿಸ್ಯಾಳ. ದೇವರ ಆಣಿ ಮಾಡಿ ಖರೇ ಹೇಳತೀನಿ. ಇಷ್ಟ ಬರದಾರ ನೋಡ ಆಯಿ."

"ಯಾವ ದೇವರು?"

"ನಮ್ಮ ದೇವರ. ಬೀರಪ್ಪ."

ಗಂಗುಬಾಯಿ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

ಇದೆಲ್ಲ ಶುರುವಾದದ್ದು ಶ್ರಾವಣದಲ್ಲಿ. ಬೋರಾಮಣಿಯ ಮನೆಯಲ್ಲಿ ಬೀಸುಕಲ್ಲಿನ ಮುಂದೆ ಕೂತು ಅಜ್ಜಿ ಹಾಡಿದ ಬೀರಪ್ಪನ ಹಾಡನ್ನು ಮನೀಷಾ ಮೊಬೈಲಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕಿದ್ದಳು. ಎರಡು ಲಕ್ಷ ಜನ ನೋಡಿದರು. ಮೂರನೆಯ ವಾರ ವಿಡಿಯೋ ಮಾಯವಾಗಿ ಒಂದು ನೋಟಿಸು ಬಂತು. ಹಾಡಿನ ಧಾಟಿ ಇಂಗ್ಲೆಂಡಿನ ಆರ್ಕೆಸ್ಟ್ರಾವೊಂದರ ಹಳೆಯ ರೆಕಾರ್ಡಿನದು, ಹಕ್ಕು ಅವರದು ಎಂದು ಅದರಲ್ಲಿತ್ತು. ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದರು: ಮುದುಕಿ ಕಳ್ಳಿ.

ಆ ಒಂದು ಮಾತಿಗೆ ಹಣಮಂತಪ್ಪನಿಗೆ ಊಟ ಸೇರದಂತಾಯಿತು. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಊರೂರು ಅಲೆದ. ಕೊನೆಗೆ ಸೊಲ್ಲಾಪುರದ ನಿವೃತ್ತ ಸಂಗೀತ ಮಾಸ್ತರ ಧರ್ಮರಾಜರ ಮನೆಯಲ್ಲಿ ಆ ರೆಕಾರ್ಡು ಸಿಕ್ಕಿತು. ಧಾಟಿ ಅದೇ. ಕವರಿನ ಹಿಂದಿದ್ದ ಇಂಗ್ಲಿಷನ್ನು ಮಾಸ್ತರರು ಬಿಡಿಸಿ ಹೇಳಿದರು. ಇದು ಹಳ್ಳಿಯ ಹಾಡುಗಳಿಂದ ಕಟ್ಟಿದ ವಾದ್ಯಸಂಗೀತ. ಎರಡನೆಯ ಭಾಗಕ್ಕೆ ಆಧಾರ, ಮುದಿ ಕುರುಬನೊಬ್ಬನ ಬಾಯಿಂದ ಕೇಳಿದ ಹಾಡು. ಯಾವ ಊರಿನ ಕುರುಬ ಎಂದು ಬರೆದಿರಲಿಲ್ಲ.

ಹಣಮಂತಪ್ಪನಿಗೆ ಅಷ್ಟು ಸಾಕಾಯಿತು. ಬೋರಾಮಣಿಯ ಹುಲ್ಲುಗಾವಲಿಗೆ ಗೋರಾ ಸಾಹೇಬರು, ಅಂದರೆ ಬಿಳಿಯರು, ಬೇಟೆಗೆ ಬರುತ್ತಿದ್ದರೆಂದು ಅವನ ಅಜ್ಜ ಹೇಳುತ್ತಿದ್ದ. "ನಮ್ಮ ಮುತ್ಯಾ ಹಾಡ್ಯಾನ, ಸಾಹೇಬ ಬರಕೊಂಡ ಹೋಗ್ಯಾನ."

ಸುತ್ತಲಿನ ಯಾವ ಕುರುಬರಿಗೂ ಆ ಹಾಡು ಗೊತ್ತಿರಲಿಲ್ಲ. ಬೀರಪ್ಪನ ಗುಡಿಯ ರೇವಣ್ಣ ಡೊಳ್ಳಿನ ಮೇಲೆ ನಾಲ್ಕು ಸಲ ಬಡಿದು ನೋಡಿ, "ಇದು ನಮ್ಮ ಡೊಳ್ಳಿನ ಪೆಟ್ಟಿಗಿ ಕೂಡೂದಿಲ್ಲ ಬಿಡು," ಎಂದಿದ್ದ. ಹಣಮಂತಪ್ಪ ಅದನ್ನೂ ಸಾಕ್ಷಿ ಮಾಡಿಕೊಂಡ. ಬೇರೆಯವರಿಗೆ ಗೊತ್ತಿಲ್ಲ ಎಂದಮೇಲೆ ಹಾಡು ತಮ್ಮ ಮನೆತನದ್ದೇ. ಅವ್ವನನ್ನು ಕೇಳಿದರೆ ಮಾತ್ರ ಒಂದೇ ಉತ್ತರ: "ಹಾಡಿಗಿ ಯಾರರ ಹೆಸರ ಬರದಿರತೈತೇನು?"

ಗಂಗುಬಾಯಿ ಈಗ ವಕೀಲರನ್ನು ನೇರವಾಗಿ ನೋಡಿದಳು. "ಇದರಾಗ ಸುಳ್ಳ ಇದ್ರ ಏನಾಗತೈತ್ರಿ?"

"ಶಿಕ್ಷಾ ಆಗತೈತಿ ಆಯಿ." ಕೈಲಾಸ ನಕ್ಕರು. "ಆದ್ರ ನೀವ್ಯಾಕ ಸುಳ್ಳ ಹೇಳತೀರಿ?"

ಆಕೆ ನಗಲಿಲ್ಲ. "ಮೊದಲ ಆ ರೆಕಾರ್ಡ ಕೇಳತೀನಿ. ಆಮ್ಯಾಲ ಮಾತು."

ಮನೀಷಾಗೆ ಆಶ್ಚರ್ಯವಾಯಿತು. ಒಂದು ತಿಂಗಳಿಂದ ಮೊಬೈಲಿನಲ್ಲಿ ಕೇಳಿಸಲು ಹೋದಾಗಲೆಲ್ಲ ಅಜ್ಜಿ ಕಿವಿ ಮುಚ್ಚಿಕೊಂಡಿದ್ದಳು.

ಜೀಪು ಸೊಲ್ಲಾಪುರದ ಕಡೆಗೆ ಓಡಿತು. ಮುಂದಿನ ಸೀಟಿನಲ್ಲಿ ಹಣಮಂತಪ್ಪ ಪತ್ರಕರ್ತರಿಗೆ ಫೋನು ಮಾಡುತ್ತಿದ್ದ: "ನಾಲ್ಕಕ್ಕ ಮಾಸ್ತರ ಮನಿಗೇ ಬರ್ರಿ. ಕ್ಯಾಮೆರಾ ತರ್ರಿ." ಕುಂಭಾರಿ ಊರು ದಾಟುವಾಗ ಮನೀಷಾ ಅಜ್ಜಿಯ ಕೈ ಹಿಡಿದಳು. ಕೈ ತಣ್ಣಗಿತ್ತು.

"ಹೆದರಬ್ಯಾಡ ಆಯಿ. ತಪ್ಪು ಅವರದ."

"ಬಾಳ ಹಳೇ ತಪ್ಪು ಇದ್ರ?"

"ಎಷ್ಟ ವರ್ಷ ಆದ್ರೂ ಕಳವು ಕಳವೇ."

ಸೊಲ್ಲಾಪುರ ಹತ್ತಿರವಾಗಿ, ಮುಚ್ಚಿಹೋದ ಬಟ್ಟೆ ಗಿರಣಿಯ ಚಿಮಣಿ ಕಂಡಾಗ ಗಂಗುಬಾಯಿ ಮುಖ ತಿರುಗಿಸಿಕೊಂಡಳು. ಮದುವೆಯಾಗುವವರೆಗೆ ಆಕೆ ಬೆಳೆದದ್ದು ಆ ಗಿರಣಿಯ ಕೆಲಸಗಾರರ ಚಾಳಿನಲ್ಲಿ. ಅಪ್ಪ ಅಲ್ಲೇ ದುಡಿದು ಸತ್ತಿದ್ದ. ಆ ನೆನಪಿಗೆ ಇರಬೇಕು ಎಂದುಕೊಂಡಳು ಮನೀಷಾ.

ಧರ್ಮರಾಜರು ಕುರ್ಚಿ ಹಾಕಿದರು. ಗಂಗುಬಾಯಿ ನೆಲದ ಮೇಲೇ ಕೂತಳು. ಮಾಸ್ತರರು ರೆಕಾರ್ಡನ್ನು ಒರೆಸಿ ಮುಳ್ಳು ಇಳಿಸಿದರು.

ಮೊದಲು ಬರೀ ಸರಸರ ಸದ್ದು. ಆಮೇಲೆ ಪಿಟೀಲುಗಳು, ಒಂದರ ಹಿಂದೆ ಒಂದು. ಬೀಸುಕಲ್ಲಿನ ಮುಂದಿನ ಅದೇ ಹಾಡು.

ಪಿಟೀಲುಗಳು ನಿಂತವು. ಮುಂದಿನದು ಆಕೆಯ ಬಾಯಿಂದ ಮನೆಯವರು ಯಾರೂ ಕೇಳಿರದ ಭಾಗ. ಗಂಗುಬಾಯಿ ಅದನ್ನು ಎಂದೂ ಹಾಡಿದವಳಲ್ಲ. ಕಣ್ಣು ಮುಚ್ಚಿದ್ದ ಆಕೆಯ ತೋರುಬೆರಳು ಮೆಲ್ಲಗೆ ಮೇಲೆದ್ದಿತು. ಮರುಕ್ಷಣ ಕೊಳಲು ಎದ್ದಿತು. ಬೆರಳು ಇಳಿಯಿತು. ಕೊಳಲು ಇಳಿಯಿತು. ಧರ್ಮರಾಜರು ರೆಕಾರ್ಡು ಬಿಟ್ಟು ಆಕೆಯನ್ನೇ ನೋಡತೊಡಗಿದರು.

ಮುಳ್ಳು ಎತ್ತಿದಾಗ ಮುದುಕಿಯ ಕೆನ್ನೆ ಒದ್ದೆಯಾಗಿತ್ತು. ಹೊರಗೆ ಮೋಟರ್ ಸೈಕಲ್ಲುಗಳು ಬಂದು ನಿಂತವು. ಯಾರೋ ಬಾಗಿಲು ಬಡಿದರು.

ಹಣಮಂತಪ್ಪ ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತ. "ಕೇಳಿದೇನ ಅವ್ವಾ? ಹೆಂಗ ಕದ್ದಾರ ನೋಡು! ಪೇಪರದವರು ಬಂದಾರ. ನೀನ ಹೇಳ ಈಗ."

"ಅವರು ಕದ್ದಿಲ್ಲಪ್ಪಾ," ಎಂದಳು ಗಂಗುಬಾಯಿ, "ಹತ್ತು ವರ್ಷದಾಕಿ ಇದ್ದಾಗ ಗಿರಣಿ ಗೋರಾ ಸಾಹೇಬನ ಬಂಗಲೇದಾಗ ಕಸಾ ಹೊಡಕೋತ ದಿನಾ ಇದ ರೆಕಾರ್ಡ ಕೇಳತಿದ್ದೆ, ಬೀರಪ್ಪನ ಹೆಸರ ಆಮ್ಯಾಲ ನಾನ ಕೂಡಿಸೀನಿ."