ಮೂರನೆಯ ಬ್ಲೇಡು

ಏಣಿಯ ಮೇಲೆ ನಿಂತು ಟ್ರಾನ್ಸ್‌ಫಾರ್ಮರಿನ ತಂತಿಗೆ ಕೈ ಚಾಚುತ್ತಿದ್ದ ಲೈನ್‌ಮನ್ ಮಾರೆಣ್ಣನ ಕಾಲನ್ನು, ಕೆಳಗೆ ಏಣಿ ಹಿಡಿದಿದ್ದ ಈಶ್ವರಿ ತಟ್ಟನೆ ಬಾಚಿ ಹಿಡಿದಳು.

"ಕಾಲು ಬಿಡಮ್ಮಾ. ಸ್ವಿಚ್ ಇಳಿಸೀನಲ್ಲ, ಕರೆಂಟ್ ಎಲ್ಲಿಂದ ಬರ್ತೈತಿ?" ಎಂದ ಮಾರೆಣ್ಣ. ಸುತ್ತ ನಿಂತಿದ್ದ ಮದ್ದಿಕೇರದ ರೈತರಲ್ಲಿ ಒಬ್ಬ ನಕ್ಕ. ಈಶ್ವರಿ ಮಾರೆಣ್ಣನ ಕೈಕೆಳಗೆ ಕೆಲಸಕ್ಕೆ ಸೇರಿ ಆರು ತಿಂಗಳು, ಅವನದು ಇಪ್ಪತ್ತಾರು ವರ್ಷದ ಸರ್ವಿಸು. ಸ್ವಿಚ್ಚಿನ ಹಿಡಿಯನ್ನು ನಂಬಬೇಡ, ಕಂಬದ ಮೇಲೆ ಕರೆಂಟು ಕಡಿಯುವ ಮೂರು ಬ್ಲೇಡೂ ತೆರೆದುಕೊಂಡಿವೆಯೇ ಎಂದು ಬಾಯಿಬಿಟ್ಟು ಎಣಿಸು ಎಂದು ಕಲಿಸಿದವನು ಅವನೇ. ದಿನವೂ ಆಕೆ ಎಣಿಸುತ್ತಿದ್ದಳು, ಅವನು ಕೇಳಿ ತಲೆಯಾಡಿಸುತ್ತಿದ್ದ. ಇವತ್ತು ಕರೆಂಟಿಗಾಗಿ ಕಾದಿದ್ದ ರೈತರ ಅವಸರಕ್ಕೆ ಇಬ್ಬರೂ ಮರೆತಿದ್ದರು. ಈಗ ನೆನಪಾಗಿ ಮೇಲೆ ನೋಡಿ ಮನಸ್ಸಿನಲ್ಲೇ ಎಣಿಸಿದರೆ ಲೆಕ್ಕ ಎರಡಕ್ಕೇ ನಿಂತಿತ್ತು. ತನ್ನ ಕಣ್ಣೇ ತಪ್ಪಿದ್ದರೆ, ಇಷ್ಟು ಜನರ ಮುಂದೆ ಗುರುವಿನ ಮರ್ಯಾದೆ ಕಳೆದಂತಾಗುತ್ತಿತ್ತು.

"ಎಣಿಸ್ರಿ ಅಣ್ಣಾ," ಎಂದಳು. ಕಾಲನ್ನು ಇನ್ನೂ ಬಿಗಿಯಾಗಿ ಹಿಡಿದು ಮತ್ತೆ ಅಂದಳು, "ಬ್ಲೇಡು ಎಣಿಸ್ರಿ."

ಮಾರೆಣ್ಣ ಸಿಡುಕುತ್ತಲೇ ತಲೆ ಎತ್ತಿದ. ಮೂರನೆಯ ಬ್ಲೇಡು ತುಕ್ಕು ಹಿಡಿದು ತೆರೆಯದೆ ಅಲ್ಲೇ ಕಚ್ಚಿಕೊಂಡಿತ್ತು. ಇನ್ನೂ ಕರೆಂಟು ಹರಿಯುತ್ತಿದ್ದ ತಂತಿ ಅವನ ಬೆರಳಿನಿಂದ ಎರಡು ಗೇಣು ದೂರದಲ್ಲಿತ್ತು. ಆ ಕೈಯನ್ನು ಮೆಲ್ಲಗೆ ಎದೆಗೆ ತಂದುಕೊಂಡ. ಈಶ್ವರಿ ಅವನ ಕಾಲು ಬಿಟ್ಟು ಮತ್ತೆ ಏಣಿ ಹಿಡಿದಳು.

ಮಾರೆಣ್ಣ ಇಳಿದು ಬಂದು ಸ್ವಿಚ್ಚಿನ ಹಿಡಿಯನ್ನು ಎತ್ತಿ, ಮತ್ತೆ ಬಲವಾಗಿ ಜಗ್ಗಿದ. ಮೇಲೆ ಖಟ್ಟೆಂದಿತು. ಆದರೂ ಏಣಿ ಹತ್ತಲಿಲ್ಲ. ರೈತರೆಲ್ಲ ನೋಡುತ್ತಿದ್ದಂತೆ ಅವಳ ಪಕ್ಕ ಕೈಕಟ್ಟಿ ನಿಂತ.

"ನೀ ಎಣಿಸಮ್ಮಾ. ನೀ ಮೂರು ಅನ್ನೋ ತನಕ ನಾ ಹತ್ತಂಗಿಲ್ಲ."